ಪದಗಳ ತವರು ಹುಡುಕಿದ ಕಿಟ್ಟೆಲ್

ಊಟವಾದ ಮೇಲೆ ಹಿರಿಯರ ಮುಂದಿರಿಸುವ ತಾಂಬೂಲದ ತಟ್ಟೆಯಲ್ಲಿ ನಾಲ್ಕೇ ಪದಾರ್ಥಗಳಿರುತ್ತವೆ: ಎಲೆ, ಅಡಿಕೆ, ಕಾಚು, ಸುಣ್ಣ. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಹೆಸರುಗಳಿವೆ. ಎಲೆ ‘ಬೀಟಲ್’, ಅಡಿಕೆ ‘ಅರೆಕಾ’, ಕಾಚು ‘ಕ್ಯಾಟಚೂ’, ಸುಣ್ಣ ‘ಚುನಾಮ್’. ಕೇಳಿದ ಕೂಡಲೇ ಪರದೇಶದ್ದೆನಿಸುವ ಈ ನಾಲ್ಕು ಪದಗಳಲ್ಲಿ ಒಂದೂ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. 1498ರಲ್ಲಿ ಕಲ್ಲಿಕೋಟೆಯ ಕರಾವಳಿಗೆ ಬಂದಿಳಿದ ಪೋರ್ಚುಗೀಸರು ಮಲೆಯಾಳಿಗಳ ಬಾಯಿಂದ ‘ಅಡಕ್ಕ’ ಎಂಬ ಪದವನ್ನು ಕೇಳಿದರು. ನಾಲಿಗೆ ಮಡಿಚಿ ನುಡಿಯುವ ನಮ್ಮ ಡಕಾರ ಅವರ ಕಿವಿಗೆ ರಕಾರದಂತೆ ಕೇಳಿಸಿತು, ‘ಅರೆಕಾ’ ಆಯಿತು. ಅವರ ಗ್ರಂಥಗಳ ಮೂಲಕ ಆ ಪದ ಹದಿನಾರನೆಯ ಶತಮಾನದಲ್ಲಿಯೇ ಇಂಗ್ಲಿಷನ್ನು ಸೇರಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಅಡಿಕೆಯ ಮರಕ್ಕೆ ಸಸ್ಯಶಾಸ್ತ್ರದ ಹೆಸರಿಟ್ಟಾಗ ‘ಅರೆಕಾ’ದ ಪಕ್ಕದಲ್ಲಿ ‘ಕ್ಯಾಟಚೂ’ ಎಂಬ ಇನ್ನೊಂದು ಪದವನ್ನೂ ಸೇರಿಸಿದನು. ಅದರೊಳಗೆ ಇರುವುದು ಮಲಯ ದೇಶವನ್ನು ಸುತ್ತಿ ಬಂದ ನಮ್ಮ ‘ಕಾಚು’. ಒಂದು ಮರದ ಶಾಸ್ತ್ರೀಯ ನಾಮದ ಎರಡು ಭಾಗಗಳೂ ದ್ರಾವಿಡ ಮೂಲದವಾಗಿರುವುದು ಅಪರೂಪದ ಸಂಗತಿ.

‘ಬೀಟಲ್’ ಪದದ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ಅದು ಮಲೆಯಾಳದ ‘ವೆಟ್ಟಿಲ’ ಎಂಬುದರಿಂದ ಬಂದದ್ದು. ಬರೆವಣಿಗೆಯಲ್ಲಿ ‘ವೆಱ್ಱಿಲ’ ಎಂದಿರುವ ಆ ಪದವನ್ನು ವಿದ್ವಾಂಸರು ‘ವೆಱು’ ಮತ್ತು ‘ಇಲ’ ಎಂದು ಬಿಡಿಸುತ್ತಾರೆ. ತಮಿಳು, ಮಲೆಯಾಳಗಳ ವಕಾರ ಕನ್ನಡದಲ್ಲಿ ಬಕಾರವಾಗುವುದು ವಾಡಿಕೆ. ಅವರ ‘ವೇರ್’ ನಮ್ಮ ‘ಬೇರು’. ಅದೇ ನಿಯಮದಂತೆ ‘ವೆಱು’ ಹಳಗನ್ನಡದಲ್ಲಿ ‘ಬಱಿ’, ಇಂದಿನ ‘ಬರಿ’; ‘ಇಲ’ ಎಂಬುದು ‘ಎಲೆ’. ಅಂದರೆ ಹೂ ಹಣ್ಣುಗಳ ಹಂಗಿಲ್ಲದ ಬರಿಯ ಎಲೆ. ಸುಣ್ಣದ ದಾರಿ ಮಾತ್ರ ಬೇರೆ. ಅದು ಸಂಸ್ಕೃತದ ‘ಚೂರ್ಣ’. ಕನ್ನಡದಲ್ಲಿ ‘ಸುಣ್ಣ’, ತಮಿಳಿನಲ್ಲಿ ‘ಚುಣ್ಣಾಂಬು’ ಆಗಿ, ಅಲ್ಲಿಂದ ಆಂಗ್ಲರ ಬಾಯಿಗೆ ಹೋಯಿತು. ಒಂದೇ ತಟ್ಟೆಯಲ್ಲಿ ಮೂರು ಪದ ದ್ರಾವಿಡದ್ದು, ಒಂದು ಸಂಸ್ಕೃತದ್ದು.

ನಿಲಂಗಾ, ಉಮರ್ಗಾ, ಉದಗೀರಗಳ ಮನೆಗಳಲ್ಲಿ ಈ ತಟ್ಟೆಯ ಪಕ್ಕದಲ್ಲಿ ಇನ್ನೊಂದು ಸಾಕ್ಷಿ ಇರುತ್ತದೆ. ಮರಾಠಿಯಲ್ಲಿ ಅಡಿಕೆ ‘ಸುಪಾರಿ’. ಆದರೆ ಸುಪಾರಿಯನ್ನು ಕತ್ತರಿಸುವ ಸಾಧನಕ್ಕೆ ಮರಾಠಿಗರು ‘ಅಡಕಿತ್ತಾ’ ಎನ್ನುತ್ತಾರೆ. ಅದು ಕನ್ನಡದ ಅಡಕೊತ್ತು, ಅಡಕತ್ತರಿಗಳ ಒಡಹುಟ್ಟು. ಕಾಯಿಯ ಹೆಸರು ಬದಲಾದರೂ ಅದನ್ನು ಕತ್ತರಿಸುವ ಕಬ್ಬಿಣದಲ್ಲಿ ಕನ್ನಡದ ಅಡಕೆ ಉಳಿದುಕೊಂಡಿದೆ.

ಇಂಥ ನಂಟುಗಳನ್ನು ಇಂದು ಯಾವ ವಿದ್ಯಾರ್ಥಿಯಾದರೂ ಅರ್ಧ ಗಂಟೆಯಲ್ಲಿ ಪರಿಶೀಲಿಸಬಹುದು. ಅದಕ್ಕೆ ಕಾರಣ, ಕನ್ನಡ ಪದದ ಪಕ್ಕದಲ್ಲಿ ತಮಿಳು, ತೆಲುಗು, ಮಲೆಯಾಳ, ತುಳು ರೂಪಗಳನ್ನು ಇರಿಸಿ, ಸಂಸ್ಕೃತದಿಂದ ಬಂದುದನ್ನು ಬೇರ್ಪಡಿಸಿ, ಮರಾಠಿ ಹಿಂದುಸ್ತಾನಿಗಳಿಂದ ಬಂದುದಕ್ಕೆ ಗುರುತು ಹಾಕಿದ ಒಂದು ಬೃಹತ್ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದನ್ನು ರಚಿಸಿದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ಲರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸಿಯಾ ಎಂಬ ಕಡಲಂಚಿನ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಅಲ್ಲಿಯ ಇಗರ್ಜಿಯ ಪಾದ್ರಿ. ಆ ಸೀಮೆ ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಹ್ಯಾನೋವರಿನ ಅರಸನೇ 1837ರವರೆಗೆ ಇಂಗ್ಲೆಂಡಿನ ಅರಸನೂ ಆಗಿದ್ದನು. ಪಕ್ಕದಲ್ಲಿ ಡಚ್ಚರ ನಾಡು. ಜನರ ಬಾಯಲ್ಲಿ ತಗ್ಗು ಸೀಮೆಯ ಜರ್ಮನ್, ಶಾಲೆಯಲ್ಲಿಯೂ ಇಗರ್ಜಿಯಲ್ಲಿಯೂ ಗ್ರಾಂಥಿಕ ಜರ್ಮನ್, ಹಳೆಯ ಪದಗಳಲ್ಲಿ ಫ್ರೀಸಿಯನ್ ಭಾಷೆಯ ಉಳಿಕೆ. ಇಂಗ್ಲಿಷಿಗೆ ಅತ್ಯಂತ ಸಮೀಪದ ಬಂಧು ಎಂದು ಭಾಷಾಶಾಸ್ತ್ರಜ್ಞರು ಹೇಳುವುದು ಈ ಫ್ರೀಸಿಯನ್ನನ್ನೇ. ಗಡಿಯ ಊರುಗಳಲ್ಲಿ ಬೆಳೆದವರಿಗೆ ಇಂಥ ವಾತಾವರಣವನ್ನು ವಿವರಿಸಬೇಕಾಗಿಲ್ಲ. ಮನೆಯ ಮಾತು ಒಂದು, ಪೇಟೆಯದು ಒಂದು, ಪುಸ್ತಕದ್ದು ಇನ್ನೊಂದು.

ಔರಿಕ್ ಎಂಬ ಪಟ್ಟಣದ ಶಾಲೆಯಲ್ಲಿ ಹುಡುಗ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷುಗಳನ್ನು ಕಲಿತನು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದಾಗ ಅವನಿಗೆ ಹದಿನೆಂಟು. ಜರ್ಮನಿಯಲ್ಲಿ ಅದು ಪದಗಳ ಕಾಲವಾಗಿತ್ತು. ಗ್ರಿಮ್ ಸಹೋದರರ ಮಹಾಕೋಶದ ಮೊದಲ ಕಂತು 1852ರಲ್ಲಿ ಹೊರಬಿದ್ದಿತು. ಒಂದು ಪದದ ಇಂದಿನ ಅರ್ಥವನ್ನು ಹೇಳಿದರೆ ಸಾಲದು, ಅದು ಎಲ್ಲಿಂದ ಹೊರಟು ಯಾವ ಯಾವ ರೂಪ ತಾಳಿ ಇಲ್ಲಿಗೆ ಬಂದಿತೆಂಬುದನ್ನು ತೋರಿಸಬೇಕು ಎಂಬ ಹೊಸ ವಿಚಾರ ಆ ದೇಶದ ವಿದ್ಯಾವಂತರನ್ನೆಲ್ಲ ಹಿಡಿದಿತ್ತು. ಮರುವರ್ಷ, 1853ರಲ್ಲಿ, ಕಿಟ್ಟೆಲ್ಲರು ಭಾರತಕ್ಕೆ ಹೊರಟರು. ಅವರನ್ನು ಕಳುಹಿಸಿದವರ ಉದ್ದೇಶ ಕ್ರೈಸ್ತ ಮತದ ಪ್ರಸಾರ. ಹೊರಟವರ ಉದ್ದೇಶವೂ ಅದೇ. ಅದನ್ನು ಮರೆಮಾಚಿ ಅವರನ್ನು ಕೇವಲ ಭಾಷಾಪ್ರೇಮಿಯೆಂದು ಚಿತ್ರಿಸುವುದು ಅವರಿಗೂ ನ್ಯಾಯವಲ್ಲ, ಚರಿತ್ರೆಗೂ ನ್ಯಾಯವಲ್ಲ.

ಅವರ ಪಾಲಿಗೆ ಬಂದ ಊರು ಧಾರವಾಡ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಆ ಪ್ರಾಂತ್ಯವನ್ನು ಆಂಗ್ಲ ಅಧಿಕಾರಿಗಳು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಹೊಲದಲ್ಲಿಯೂ ಸಂತೆಯಲ್ಲಿಯೂ ಕನ್ನಡ; ಕಚೇರಿಯ ಕಾಗದಗಳಲ್ಲಿ, ಶಾಲೆಯ ಪಾಟಿಯ ಮೇಲೆ ಮರಾಠಿ. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಿದ ಕಾಲವದು. ಹೊಸದಾಗಿ ಬಂದ ಪರದೇಶಿಯೊಬ್ಬನು ಅಲ್ಲಿ ಸುಲಭವಾದ ದಾರಿ ಹಿಡಿಯಬಹುದಾಗಿತ್ತು. ಕಿಟ್ಟೆಲ್ಲರು ಹಿಡಿದದ್ದು ಕಾಲುದಾರಿ. ಧಾರವಾಡದ ಸುತ್ತಲಿನ ಹಳ್ಳಿಗಳನ್ನು ನಡೆದೇ ಸುತ್ತಿದರು. ರೈತರೊಡನೆ, ಶಾಸ್ತ್ರಿಗಳೊಡನೆ, ವೀರಶೈವ ಜಂಗಮರೊಡನೆ ಕುಳಿತು ಮಾತಾಡಿದರು. ಜನರ ನಡುವೆಯೇ, ಜನರಂತೆಯೇ ಬದುಕಬೇಕೆಂದು ಬಯಸಿದರು. ಇಲ್ಲಿಯವರಿಗೆ ಇಲ್ಲಿಯವನಾಗದೆ ತನ್ನ ಮಾತು ಯಾರ ಎದೆಗೂ ತಾಗದೆಂಬುದು ಅವರ ನಂಬಿಕೆಯಾಗಿತ್ತು.

ಇದು ಮಿಶನ್ನಿನ ಹಿರಿಯರಿಗೆ ರುಚಿಸಲಿಲ್ಲ. ಕಟ್ಟುಪಾಡುಗಳಿಂದ ನಡೆಯುವ ಸಂಸ್ಥೆಯಲ್ಲಿ ತರುಣನೊಬ್ಬನು ತನ್ನದೇ ದಾರಿಯಲ್ಲಿ ಹೋಗುವುದನ್ನು ಅವರು ಸಹಿಸುವಂತಿರಲಿಲ್ಲ. ವರುಷಗಳ ಕಾಲ ಕಿಟ್ಟೆಲ್ಲರಿಗೂ ಅವರಿಗೂ ತಿಕ್ಕಾಟ ನಡೆಯಿತು. ಮತಪ್ರಸಾರಕರಾಗಿ ಅವರು ಹೇಳಿಕೊಳ್ಳುವಂಥದ್ದೇನನ್ನೂ ಸಾಧಿಸಲಿಲ್ಲವೆಂದೇ ಅವರ ಜೀವನವನ್ನು ಅಭ್ಯಸಿಸಿದವರ ಅಭಿಪ್ರಾಯ. ಹಾಗೆ ಬದಿಗೆ ಸರಿದ ಮನುಷ್ಯನು ತಾಳೆಯೋಲೆಗಳ ಕಟ್ಟುಗಳನ್ನು ಬಿಚ್ಚಿ ಕುಳಿತದ್ದು ಕನ್ನಡಕ್ಕೆ ಆದ ಲಾಭ.

1860ರಲ್ಲಿ ಪೌಲೀನ್ ಐತ್ ಎಂಬವರೊಡನೆ ಅವರ ವಿವಾಹವಾಯಿತು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ಮಂಗಳೂರಿನಲ್ಲಿ ತೀರಿಕೊಂಡರು. ಕಿಟ್ಟೆಲ್ಲರು ಊರಿಗೆ ಮರಳಿದರು. 1867ರಲ್ಲಿ ಪೌಲೀನರ ತಂಗಿ ಯೂಲಿಯವರನ್ನು ಮದುವೆಯಾಗಿ ಮತ್ತೆ ಭಾರತಕ್ಕೆ ಬಂದರು. ಅವರ ಗ್ರಂಥಗಳಲ್ಲಿ ಈ ದುಃಖದ ನೆರಳಿಲ್ಲ. ವರ್ಷಗಳ ಲೆಕ್ಕದಲ್ಲಷ್ಟೇ ಒಂದು ಬಿರುಕು ಕಾಣುತ್ತದೆ.

ಕನ್ನಡದಲ್ಲಿ ಅವರ ಮೊದಲ ಹೆಸರಾಂತ ಕೃತಿ 1862ರ ‘ಕಥಾಮಾಲೆ’. ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಬಲ್ಲಂತೆ ಹೆಣೆದ ಪುಸ್ತಕವದು. ಕನ್ನಡಿಗರ ಕಿವಿಗೆ ಒಗ್ಗುವುದು ಕನ್ನಡದ ಮಟ್ಟೇ ಹೊರತು ಆಮದಾದ ಕೀರ್ತನೆಯಲ್ಲವೆಂದು ಅವರು ಅರಿತಿದ್ದರು. ಆ ಮಟ್ಟುಗಳ ಶಾಸ್ತ್ರ ಎಲ್ಲಿದೆಯೆಂದು ಹುಡುಕಿ ಹೊರಟವರು ನಾಗವರ್ಮನ ಬಳಿ ಬಂದು ನಿಂತರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸಂಪಾದಿಸಿ ಪ್ರಕಟಿಸಿದರು. ಛಂದೋಂಬುಧಿಗೆ ಬರೆದ ಪೀಠಿಕೆಯಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ನಿರೂಪಿಸಿದರು. ಕನ್ನಡ ಸಾಹಿತ್ಯಚರಿತ್ರೆ ಎಂಬ ವಿಷಯವೇ ಇನ್ನೂ ರೂಪ ಪಡೆಯದಿದ್ದ ಕಾಲದ ಬರೆಹವದು. ಅದರಲ್ಲಿಯ ಕಾಲನಿರ್ಣಯಗಳು ಅನೇಕ ಕಡೆ ಈಗ ನಿಲ್ಲುವುದಿಲ್ಲ. ಆದರೆ ಮುಂದಿನವರು ತಿದ್ದಲು ಒಂದು ಆಧಾರ ಸಿಕ್ಕಿತು.

ಶಬ್ದಮಣಿದರ್ಪಣದ ಸಹವಾಸ ಅವರಿಗೆ ಇನ್ನೊಂದು ಉಪಕಾರ ಮಾಡಿತು. ಬಳಕೆಯಿಂದ ಮರೆಯಾಗಿದ್ದ ಱ ಮತ್ತು ೞ ಎಂಬ ಎರಡು ಅಕ್ಷರಗಳ ಬೆಲೆ ಅವರಿಗೆ ತಿಳಿಯಿತು. ಇಂದಿನ ಕನ್ನಡಿಗನಿಗೆ ‘ಹೇಳು’, ‘ಕೇಳು’ಗಳ ಕೊನೆಯ ಅಕ್ಷರ ಒಂದೇ. ಹಳಗನ್ನಡದಲ್ಲಿ ಮೊದಲನೆಯದು ‘ಪೇೞ್’, ಎರಡನೆಯದು ‘ಕೇಳ್’. ಆ ಭೇದವನ್ನು ಅಳಿಸಿಬಿಟ್ಟರೆ ತಮಿಳು ಮಲೆಯಾಳಗಳಲ್ಲಿ ಅವುಗಳ ದಾಯಾದಿಗಳನ್ನು ಗುರುತಿಸಲು ಬಾರದು. ಪಕಾರ ಹಕಾರವಾದುದೂ ಹಾಗೆಯೇ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಈ ಬದಲಾವಣೆಗಳು ಮನಬಂದಂತೆ ಆದುವಲ್ಲ, ನಿಯಮವಾಗಿ ಆದುವು. ನಿಯಮ ತಿಳಿದವನು ಪದವನ್ನು ಹಿಂದಕ್ಕೆ ನಡೆಸಿಕೊಂಡು ಹೋಗಬಲ್ಲನು; ನಿಯಮ ತಿಳಿಯದವನು ಕೇವಲ ದನಿಯ ಹೋಲಿಕೆಯನ್ನು ನಂಬಿ ದಾರಿ ತಪ್ಪುವನು. ಪದಮೂಲವನ್ನು ಹೇಳುವ ಚಪಲ ಎಲ್ಲ ಕಾಲದಲ್ಲಿಯೂ ಎಲ್ಲ ಊರಿನಲ್ಲಿಯೂ ಇರುತ್ತದೆ. ಕಿಟ್ಟೆಲ್ಲರೂ ಅದರಿಂದ ಪೂರ್ತಿ ಮುಕ್ತರಾಗಿರಲಿಲ್ಲ.

ಆ ಮಾತು ಬಂದಾಗ 1872ರ ಒಂದು ಲೇಖನವನ್ನು ನೆನೆಯಬೇಕು. ಮುಂಬಯಿಯಿಂದ ಆಗಷ್ಟೇ ಹೊರಡತೊಡಗಿದ್ದ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಪತ್ರಿಕೆಯ ಮೊದಲ ಸಂಪುಟದಲ್ಲಿ ಕಿಟ್ಟೆಲ್ಲರು ಸಂಸ್ಕೃತದ ಕೋಶಗಳಲ್ಲಿರುವ ದ್ರಾವಿಡ ಪದಗಳ ಕುರಿತು ಬರೆದರು. ಕನ್ನಡದ ಪದಗಳಲ್ಲಿ ಸಂಸ್ಕೃತದಿಂದ ಬಂದವು ಯಾವುವೆಂಬುದು ನಮ್ಮ ವೈಯಾಕರಣರಿಗೆ ಮೊದಲಿನಿಂದ ತಿಳಿದಿತ್ತು. ತತ್ಸಮ, ತದ್ಭವ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ನೀರು ಮೇಲಿನಿಂದ ಕೆಳಕ್ಕೆ ಹರಿಯುವಂತೆ ಪದಗಳು ಸಂಸ್ಕೃತದಿಂದ ದೇಶಭಾಷೆಗೆ ಇಳಿಯುವುವೆಂಬುದು ಎಲ್ಲರ ಗ್ರಹಿಕೆ. ಹರಿವು ಎದುರು ದಿಕ್ಕಿನಲ್ಲಿಯೂ ನಡೆದಿರಬಹುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಮೂವರು ಪಾದ್ರಿಗಳು ಒಬ್ಬರ ಹಿಂದೊಬ್ಬರು ವಾದಿಸಿದರು. 1856ರಲ್ಲಿ ತಿರುನೆಲ್ವೇಲಿ ಸೀಮೆಯ ಕಾಲ್ಡ್‌ವೆಲ್, 1869ರಲ್ಲಿ ಮಲೆಯಾಳದ ಗುಂಡರ್ಟ್, ಬಳಿಕ ಕಿಟ್ಟೆಲ್. ಸಂಸ್ಕೃತದ ‘ನೀರ’, ‘ಮೀನ’ಗಳು ನಮ್ಮ ‘ನೀರು’, ‘ಮೀನು’ಗಳಿಂದ ಹೋದವೆಂಬುದು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ. ಮುಂದೆ ತಮ್ಮ ಕೋಶದ ಪೀಠಿಕೆಯಲ್ಲಿ ಕಿಟ್ಟೆಲ್ಲರು ಇಂಥ ಸುಮಾರು 400 ಪದಗಳ ಪಟ್ಟಿಯನ್ನೇ ಕೊಟ್ಟರು.

ಆ ಪಟ್ಟಿಯ ಎಲ್ಲ ಪದಗಳೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1940ರ ದಶಕದಲ್ಲಿ ಆಕ್ಸ್‌ಫರ್ಡಿನ ಬರೋ ಎಂಬ ವಿದ್ವಾಂಸರು ಮರಳಿ ಜರಡಿ ಹಿಡಿದಾಗ ಎಷ್ಟೋ ಪದಗಳು ಕೆಳಗೆ ಬಿದ್ದವು, ಎಷ್ಟೋ ಮೇಲೆ ಉಳಿದವು. ಇಂಗ್ಲಿಷಿನ ಪದಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅಕ್ಕಿಗೆ ಇಂಗ್ಲಿಷಿನಲ್ಲಿರುವ ‘ರೈಸ್’ ಎಂಬ ಪದ ಗ್ರೀಕಿನ ‘ಒರುಜಾ’ದಿಂದ ಬಂದಿದೆ, ಅದು ತಮಿಳಿನ ‘ಅರಿಸಿ’ಯಿಂದ ಹೊರಟದ್ದೆಂದು ಕಾಲ್ಡ್‌ವೆಲ್ ನಂಬಿದ್ದರು. ಇಂದಿನ ಪಂಡಿತರಲ್ಲಿ ಅನೇಕರು ಅದನ್ನು ಇರಾನೀ ಭಾಷೆಗಳ ಮೂಲಕ ಹೋದ ಪದವೆಂದು ಬಗೆಯುತ್ತಾರೆ. ಶುಂಠಿಯ ‘ಜಿಂಜರ್’ ಮಾತ್ರ ಗಟ್ಟಿಯಾಗಿ ನಿಂತಿದೆ. ಅದು ಲ್ಯಾಟಿನ್, ಗ್ರೀಕುಗಳನ್ನು ದಾಟಿ ಪಾಲಿಯ ‘ಸಿಂಗಿವೇರ’ಕ್ಕೆ, ಅಲ್ಲಿಂದ ದಕ್ಷಿಣದ ‘ಇಂಜಿ ವೇರ್’ಗೆ ಹೋಗಿ ಮುಟ್ಟುತ್ತದೆ. ಆ ‘ವೇರ್’ ನಮ್ಮ ‘ಬೇರು’. ಲಂಡನ್ನಿನ ಅಂಗಡಿಯಲ್ಲಿ ಜಿಂಜರ್ ಕೇಳುವವನು ತನಗರಿವಿಲ್ಲದೆ ಒಂದು ದ್ರಾವಿಡ ಬೇರನ್ನು ಕೇಳುತ್ತಿರುತ್ತಾನೆ.

ಇಂಗ್ಲಿಷ್ ಪದಗಳ ವಂಶಾವಳಿ ಬರೆಯುವ ಕೆಲಸ ಅದೇ ಸಮಯದಲ್ಲಿ ಇಂಗ್ಲೆಂಡಿನಲ್ಲಿಯೂ ಭರದಿಂದ ನಡೆದಿತ್ತು. ಮುಂದೆ ಆಕ್ಸ್‌ಫರ್ಡ್ ಕೋಶವೆಂದು ಪ್ರಸಿದ್ಧವಾದ ಮಹಾಕೋಶದ ಮೊದಲ ಕಂತು 1884ರಲ್ಲಿ ಹೊರಬಂದಿತು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೇ ಮೀಸಲಾದ ‘ಹಾಬ್ಸನ್ ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶ ಪ್ರಕಟವಾದುದು 1886ರಲ್ಲಿ. ಅದರ ಕರ್ತೃಗಳು ಇಬ್ಬರು, ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ದಕ್ಷಿಣ ಭಾರತದ ಪ್ರಾಚೀನ ಲಿಪಿಗಳನ್ನು ಕುರಿತ ಅವರ ಗ್ರಂಥ 1874ರಲ್ಲಿ ಅಚ್ಚಾದುದು ಕಿಟ್ಟೆಲ್ಲರ ಪುಸ್ತಕಗಳು ಅಚ್ಚಾಗುತ್ತಿದ್ದ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ. ಅಡಿಕೆ, ವೀಳ್ಯ, ಸುಣ್ಣಗಳ ಆಂಗ್ಲ ರೂಪಗಳ ಚರಿತ್ರೆ ಆ ಕೋಶದಲ್ಲಿ ವಿಸ್ತಾರವಾಗಿದೆ. ಆ ಕೋಶ ಪದದ ಪಯಣವನ್ನು ಬಂದರಿನಿಂದಾಚೆಗೆ ಹೇಳುತ್ತದೆ. ಬಂದರಿನಿಂದೀಚೆಗೆ, ಆ ಪದ ಕನ್ನಡ ನಾಡಿನ ಒಳಗೆ ಎಲ್ಲಿಯದು, ಅದರ ಅಣ್ಣತಮ್ಮಂದಿರು ಯಾರು ಎಂಬುದನ್ನು ಹೇಳುವ ಹೊಣೆ ಕಿಟ್ಟೆಲ್ಲರ ಕೋಶದ ಮೇಲೆ ಬಿದ್ದಿತು.

ಕೋಶದ ಕೆಲಸ ಅವರ ಹೆಗಲಿಗೆ ಬಂದಾಗ ಕನ್ನಡಕ್ಕೆ ಕೋಶವೇ ಇರಲಿಲ್ಲವೆಂದಲ್ಲ. ಬಳ್ಳಾರಿಯ ಲಂಡನ್ ಮಿಶನ್ನಿನ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ಕೋಶ 1832ರಲ್ಲಿ, ಎಂದರೆ ಕಿಟ್ಟೆಲ್ಲರು ಹುಟ್ಟಿದ ವರ್ಷದಲ್ಲಿಯೇ, ಪ್ರಕಟವಾಗಿತ್ತು. 1858ರಲ್ಲಿ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದ್ದರು. ಮರಾಠಿಯಲ್ಲಿ ಮೋಲ್ಸ್‌ವರ್ತರ ಕೋಶಕ್ಕೆ ಯಾವ ಮರ್ಯಾದೆಯಿದೆಯೋ ಅಂಥ ಮರ್ಯಾದೆ ಕನ್ನಡದಲ್ಲಿ ರೀವರಿಗೆ ಸಲ್ಲಬೇಕಾದುದು ನ್ಯಾಯ. ಆದರೆ ಹಳಗನ್ನಡದ ಪದಸಂಪತ್ತು, ಪದಗಳ ಪ್ರಯೋಗಕ್ಕೆ ಆಧಾರ, ಸೋದರ ಭಾಷೆಗಳ ರೂಪಗಳು, ಇವು ಇನ್ನೂ ಬರಬೇಕಾಗಿದ್ದವು.

ಕಿಟ್ಟೆಲ್ಲರು ಎರಡು ಕಡೆಯಿಂದ ಪದಗಳನ್ನು ಕೂಡಿಹಾಕಿದರು. ಒಂದು ಓಲೆಗರಿಯ ಕಡೆ. ಶಬ್ದಮಣಿದರ್ಪಣ, ಛಂದೋಂಬುಧಿ, ಪ್ರಾಚೀನ ನಿಘಂಟುಗಳು, ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು. ಇನ್ನೊಂದು ಬಾಯಿಮಾತಿನ ಕಡೆ. ಗಾದೆಗಳನ್ನು ಅವರು ಧಾರಾಳವಾಗಿ ಬಳಸಿಕೊಂಡರು. ಅರ್ಥ ಬರೆದು ಕೈತೊಳೆದುಕೊಳ್ಳದೆ ಪದವನ್ನು ಜನ ಆಡುವ ವಾಕ್ಯದಲ್ಲಿ ಕೂರಿಸಿ ತೋರಿಸಿದರು. ಪದದ ಮುಂದೆ ಅದು ಸಿಕ್ಕಿದ ಜಾಗವನ್ನು ಸಂಕೇತಾಕ್ಷರಗಳಿಂದ ಗುರುತಿಸಿದರು. ಮೈಸೂರು ಸೀಮೆಗೊಂದು, ದಕ್ಷಿಣ ಮರಾಠಾ ಸೀಮೆಗೊಂದು, ಮರಾಠಿಯಿಂದ ಬಂದುದಕ್ಕೊಂದು, ಹಿಂದುಸ್ತಾನಿಯಿಂದ ಬಂದುದಕ್ಕೊಂದು, ತದ್ಭವಕ್ಕೊಂದು. ಇವು ಸಣ್ಣ ಗುರುತುಗಳೆಂದು ಓದುಗರು ಕಣ್ಣು ಹಾಯಿಸಿ ಬಿಡುವುದುಂಟು. ಬಿಡಬಾರದು, ಏಕೆಂದರೆ ಅವರ ನ್ಯಾಯಬುದ್ಧಿ ಇರುವುದು ಅಲ್ಲಿ. ಮರಾಠಿಯಿಂದ ಬಂದ ಪದವೆಂದು ಅದನ್ನು ಹೊರಗೆ ನಿಲ್ಲಿಸಲಿಲ್ಲ. ಕನ್ನಡಿಗರು ಆಡುತ್ತಾರೆಂದ ಮೇಲೆ ಕನ್ನಡ ಕೋಶದಲ್ಲಿ ಅದಕ್ಕೆ ಸ್ಥಳ ಕೊಟ್ಟರು. ಎಲ್ಲಿಂದ ಬಂದಿತೆಂಬುದನ್ನು ಮಾತ್ರ ಮುಚ್ಚಿಡದೆ ಹೇಳಿದರು. ಕಲಬೆರಕೆಯೆಂದು ಪಂಡಿತರು ಮೂಗು ಮುರಿಯುವ ಮಾತಿಗೆ ಅವರ ಕೋಶದಲ್ಲಿ ಚೊಕ್ಕ ಹಳಗನ್ನಡದ ಪದಕ್ಕಿದ್ದಷ್ಟೇ ವಿಚಾರಣೆ ನಡೆಯಿತು.

ಇದರ ಬೆಲೆ ಗಡಿನಾಡಿನವರಿಗೆ ಬೇಗ ತಿಳಿಯುತ್ತದೆ. ತಿಂಗಳ ಸಂಬಳಕ್ಕೆ ಉತ್ತರ ಕರ್ನಾಟಕದ ಕನ್ನಡಿಗರು ‘ಪಗಾರ’ ಎನ್ನುತ್ತಾರೆ. ಮರಾಠಿಯಲ್ಲಿಯೂ ‘ಪಗಾರ’ವೇ. ಕನ್ನಡಕ್ಕೆ ಮರಾಠಿ ಕೊಟ್ಟದ್ದು ನಿಜ, ಆದರೆ ಅದು ಮರಾಠಿಯದೂ ಅಲ್ಲ. ಕೊಡು, ಸಲ್ಲಿಸು ಎಂಬರ್ಥದ ಪೋರ್ಚುಗೀಸ್ ಕ್ರಿಯಾಪದ. ಮರಾಠಿಗರು ತುಪ್ಪಕ್ಕೆ ‘ತೂಪ’ ಎನ್ನುವುದು ಕನ್ನಡದ ‘ತುಪ್ಪ’ದಿಂದ ಬಂದುದೆಂದು ಅನೇಕ ವಿದ್ವಾಂಸರು ಒಪ್ಪುತ್ತಾರೆ. ನಿಲಂಗಾದ ಒಂದೇ ಅಡುಗೆಮನೆಯಲ್ಲಿ ಪಗಾರದ ಹಣದಿಂದ ತಂದ ತೂಪವನ್ನು ಬಡಿಸಿ, ಅಡಕಿತ್ತಾದಿಂದ ಸುಪಾರಿ ಕತ್ತರಿಸುವ ಗೃಹಿಣಿ ಮರಾಠಿಯನ್ನೇ ಆಡಿದರೂ, ಅದರಲ್ಲಿ ಲಿಸ್ಬನ್ನೂ ಕಲ್ಯಾಣವೂ ಕೂಡಿಬಂದಿರುತ್ತವೆ.

ಸಾಮಗ್ರಿ ಕೂಡಿತು, ಆದರೆ ಕೋಶ ಮುಗಿಯುವುದು ತಡವಾಯಿತು. 1877ರಲ್ಲಿ ಕಿಟ್ಟೆಲ್ಲರು ಜರ್ಮನಿಗೆ ಹೋಗಿ ಅಲ್ಲಿ ಕುಳಿತು ಬರೆದರು. ಬರೆಯುತ್ತಿದ್ದಂತೆ ಸಂದೇಹಗಳು ಹುಟ್ಟಿದವು; ಅವುಗಳನ್ನು ಬಗೆಹರಿಸುವವರು ಸಾವಿರಾರು ಮೈಲಿ ಆಚೆ ಇದ್ದರು. ಐವತ್ತು ದಾಟಿದ ವಯಸ್ಸಿನಲ್ಲಿ, 1883ರಲ್ಲಿ, ಮೂರನೆಯ ಬಾರಿ ಭಾರತಕ್ಕೆ ಬಂದರು. ಈ ಸಲ ಬಂದುದು ಮುಖ್ಯವಾಗಿ ಪದಗಳಿಗಾಗಿ. ಕನ್ನಡ ಪಂಡಿತರನ್ನು ಹತ್ತಿರ ಕೂರಿಸಿಕೊಂಡು ಬರೆದುದನ್ನೆಲ್ಲ ಮತ್ತೆ ಸೋಸಿದರು. ಕಣ್ಣು ದುರ್ಬಲವಾಗಿದ್ದವು, ದೇಹ ಬಳಲಿತ್ತು. ಒಂಬತ್ತು ವರ್ಷಗಳ ಬಳಿಕ, 1892ರಲ್ಲಿ, ಕನ್ನಡ ನಾಡಿಗೆ ಕೊನೆಯ ವಿದಾಯ ಹೇಳಿದರು. ಆ ಪಂಡಿತರ ಹೆಸರುಗಳು ಕೋಶದ ಕೀರ್ತಿಯಲ್ಲಿ ಪಾಲು ಪಡೆಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಇಂಥ ಕೋಶ ಒಬ್ಬನಿಂದಾಗುವ ಕೆಲಸವಲ್ಲ. ಹೆಸರು ಮಾತ್ರ ಒಬ್ಬನದಾಗುತ್ತದೆ.

1894ರಲ್ಲಿ ಕೋಶ ಹೊರಬಂದಿತು. ಪೀಠಿಕೆಯನ್ನು ಬಿಟ್ಟು 1752 ಪುಟಗಳು, ಸುಮಾರು 70,000 ಪದಗಳು. ಎರಡು ವರ್ಷಗಳ ತರುವಾಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ವಿಶ್ವವಿದ್ಯಾಲಯದ ಪದವಿಯಿಲ್ಲದೆ ಮಿಶನ್ ವಿದ್ಯಾಲಯದಿಂದ ಹೊರಟವರಿಗೆ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಸಂದ ಮನ್ನಣೆಯದು.

ಕೋಶದ ಕೊರತೆಗಳು ಸಣ್ಣವಲ್ಲ. ‘ಕವಿರಾಜಮಾರ್ಗ’ವನ್ನು ಕೆ. ಬಿ. ಪಾಠಕರೂ ಪಂಪಭಾರತವನ್ನು ಬಿ. ಎಲ್. ರೈಸರೂ ಪ್ರಕಟಿಸಿದುದು 1898ರಲ್ಲಿ. ಎಂದರೆ ಕನ್ನಡದ ಮೊದಲ ಲಕ್ಷಣಗ್ರಂಥವೂ ಆದಿಕವಿಯ ಮುಖ್ಯ ಕಾವ್ಯವೂ ಅಚ್ಚಿನಲ್ಲಿ ಕಾಣಿಸಿಕೊಳ್ಳುವ ನಾಲ್ಕು ವರ್ಷ ಮೊದಲೇ ಅವರ ಕೋಶ ಮುಗಿದುಹೋಗಿತ್ತು. ಕನ್ನಡ ನಾಡಿನ ಸೀಮೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದ ಗ್ರಂಥವನ್ನು ಬಳಸಿಕೊಳ್ಳುವ ಭಾಗ್ಯ ಆ ಕೋಶಕ್ಕೆ ಇರಲಿಲ್ಲ. ಇನ್ನು ಲಿಂಗಪೂಜೆಯ ಮೂಲ, ಯಜ್ಞದ ಮೂಲ ಎಂದು ಅವರು 1870ರ ದಶಕದಲ್ಲಿ ಬರೆದ ಹೊತ್ತಗೆಗಳಲ್ಲಿ ಸಂಶೋಧಕನಿಗಿಂತ ಪಾದ್ರಿಯೇ ಮುಂದೆ ಬರುವುದುಂಟು. ಕೋಶದ ಮನುಷ್ಯನು ಅಲ್ಲಿಯವನಿಗಿಂತ ದೊಡ್ಡವನು.

ಕೊನೆಯ ವರ್ಷಗಳನ್ನು ಅವರು ಟ್ಯೂಬಿಂಗೆನ್ನಿನಲ್ಲಿ ಕನ್ನಡದ ವ್ಯಾಕರಣವನ್ನು ಬರೆಯುತ್ತ ಕಳೆದರು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಜೊತೆಗಿಟ್ಟು ನೋಡುವ ಆ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಿಟ್ಟೆಲ್ಲರು ತೀರಿಕೊಂಡರು. ಅವರಿಗೆ ಎಪ್ಪತ್ತೊಂದು ವರ್ಷ.

ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ವಿದ್ವಾಂಸರ ಲೋಕದಲ್ಲಿ ಅವರು ಉಳಿದದ್ದು ಬೇರೆ ರೀತಿಯಲ್ಲಿ. ಬರೋ ಮತ್ತು ಎಮೆನೋ 1961ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಸಿದ್ಧಪಡಿಸಿದಾಗ ಕನ್ನಡದ ರೂಪಗಳಿಗೆ ಮುಖ್ಯ ಆಧಾರವಾದುದು ಕಿಟ್ಟೆಲ್ ಕೋಶವೇ. ಇಂಗ್ಲಿಷಿನ ಅರೆಕಾ, ಬೀಟಲ್, ಜಿಂಜರ್‌ಗಳ ಮೂಲವನ್ನು ಇಂದು ಹುಡುಕಿ ಹೊರಟವನು ಆ ಕೋಶದ ಮೂಲಕ ಮಂಗಳೂರಿನ ಈ ಹಳೆಯ ಹೊತ್ತಗೆಗೆ ಬಂದು ತಲುಪುತ್ತಾನೆ. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. ಆ ನಾಲ್ಕು ಸಂಪುಟಗಳು 1968ರಿಂದ 1971ರ ಅವಧಿಯಲ್ಲಿ ಪ್ರಕಟವಾದವು.

ಕಿಟ್ಟೆಲ್ಲರು ಬದುಕಿ ದುಡಿದುದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ. ನಿಲಂಗಾ, ಉದಗೀರಗಳು ಆಗ ನಿಜಾಮರ ಆಳ್ವಿಕೆಗೆ ಸೇರಿದ್ದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಇವು ಬೀದರ ಜಿಲ್ಲೆಯ ತಾಲೂಕುಗಳು. ಮಾಂಜರಾ, ತೇರಣಾ ನದಿಗಳ ದಂಡೆಯ ಕನ್ನಡ ಅವರ ಕಿವಿಯ ಮೇಲೆ ಬೀಳುವ ಸಂದರ್ಭ ಕಡಿಮೆಯೇ ಇತ್ತು. ಆ 1752 ಪುಟಗಳಲ್ಲಿ ಮೈಸೂರು ಸೀಮೆಯದೆಂದು, ದಕ್ಷಿಣ ಮರಾಠಾ ಸೀಮೆಯದೆಂದು ಗುರುತು ಪಡೆದ ಪದಗಳು ಹೇರಳವಾಗಿ ಸಿಗುತ್ತವೆ. ಇಲ್ಲಿಯ ಹೊಲಮನೆಗಳಲ್ಲಿ ಅಜ್ಜಿಯರು ಆಡುವ ಎಷ್ಟೋ ಪದಗಳಿಗೆ ಅಂಥ ಗುರುತು ಹಾಕುವ ಕೆಲಸ ಇನ್ನೂ ನಡೆಯಬೇಕಾಗಿದೆ.